ನೀರಿಗಿಳಿಯುವ ಕ್ಯಾಮೆರಾಕ್ಕೆ ದನಿ ಮರಳಿಸಿದ ಹುಬ್ಬಳ್ಳಿಯ ಅಂಗಡಿ

ಜಲನಿರೋಧಕ ಕ್ಯಾಮೆರಾದ ಧ್ವನಿ ಮಂಕಾಗಿದೆ ಎಂದು ತೆಗೆದುಕೊಂಡು ಹೋದರೆ ಬಹಳ ಕಡೆ ಸಿಗುವ ಉತ್ತರ ಒಂದೇ: ಮೈಕ್ ಹೋಗಿದೆ, ಇದಕ್ಕೆ ರಿಪೇರಿ ಇಲ್ಲ, ಹೊಸದನ್ನು ಕೊಳ್ಳಿ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಿಂದ ಒಳಕ್ಕೆ ಹೊರಳುವ ಓಣಿಯೊಂದರಲ್ಲಿ, ಮೊಬೈಲ್ ಕವರ್ ಮಾರುವ ಮಳಿಗೆಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಸಿಗುವ ರಿಪೇರಿ ಅಂಗಡಿಯಲ್ಲಿ ನನಗೆ ಆ ಉತ್ತರ ಸಿಗಲಿಲ್ಲ. ಅಲ್ಲಿನ ಯಜಮಾನರು ಕ್ಯಾಮೆರಾ ಮುಟ್ಟುವ ಮೊದಲು ಕೇಳಿದ್ದು, ‘ಧ್ವನಿ ಚೆನ್ನಾಗಿದ್ದಾಗ ತೆಗೆದ ವಿಡಿಯೊ ಒಂದಾದರೂ ತಂದಿದ್ದೀರಾ, ಟೀಚರ್?’ ಎಂದು. ನನ್ನ ಮಟ್ಟಿಗೆ ಅರ್ಧ ರಿಪೇರಿ ಆ ಪ್ರಶ್ನೆಯಲ್ಲೇ ಆಗಿತ್ತು.

ನಾನು ಸಿದ್ದಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯ ಹಿಂದೆ ಅಡಿಕೆ ತೋಟ, ತೋಟದ ತಗ್ಗಿನಲ್ಲಿ ಬೇಸಿಗೆಯಲ್ಲೂ ಪೂರ್ತಿ ಬತ್ತದ ಹಳ್ಳ. ಜೂನ್ ಮಳೆ ಹಿಡಿಯಿತೆಂದರೆ ಬಸಿಗಾಲುವೆಯಿಂದ ಏಲಕ್ಕಿ ಗಿಡದ ಬುಡದವರೆಗೆ ಎಲ್ಲೆಲ್ಲೂ ಕಪ್ಪೆಗಳ ಕೂಗು. ಇವುಗಳಲ್ಲಿ ಕಣ್ಣಿಗೆ ಬೀಳುವವು ಕಡಿಮೆ, ಕಿವಿಗೆ ಸಿಗುವವೇ ಹೆಚ್ಚು. ಹೆಬ್ಬೆರಳಿನ ತುದಿಯಷ್ಟಿರುವ ಪೊದೆಗಪ್ಪೆ ಎಲೆಯ ಮರೆಯಲ್ಲಿ ಕುಳಿತು ಕೂಗುತ್ತಿದ್ದರೆ ಟಾರ್ಚ್ ಹಿಡಿದು ಎಷ್ಟು ಹುಡುಕಿದರೂ ಕಾಣುವುದಿಲ್ಲ. ಆದರೆ ಆ ಸಣ್ಣ ‘ಟಿಕ್ ಟಿಕ್’ ಕೇಳಿದರೆ ಸಾಕು, ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಅದು ಯಾವುದೆಂದು ಹೇಳಬಲ್ಲರು. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ಜಗತ್ತಿಗೆ ಪರಿಚಯಿಸಿದ ಕುಂಬಾರ ಕಪ್ಪೆ ನಮ್ಮ ಶರಾವತಿ ಕಣಿವೆಯ ಹಳ್ಳಗಳದ್ದೇ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ತನ್ನ ಮುಂಗಾಲುಗಳಿಂದ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಇಂಥದ್ದು ಮನೆಯಿಂದ ಕೂಗಳತೆಯಲ್ಲಿ ನಡೆಯುವ ಊರಿನ ಮಕ್ಕಳಿಗೆ ಕಪ್ಪೆಯೆಂದರೆ ಪಠ್ಯಪುಸ್ತಕದ ಚಿತ್ರ ಮಾತ್ರ ಆಗಬಾರದು ಎಂಬುದು ನನ್ನ ಹಟ. ಅದಕ್ಕಾಗಿಯೇ ಮಳೆಯಲ್ಲಿ, ಹಳ್ಳದ ಅಂಚಿನಲ್ಲಿ, ರಾತ್ರಿ ಹೊತ್ತು ಬಿಟ್ಟು ಬರಬಹುದಾದ ಒಂದು ಕ್ಯಾಮೆರಾ ಕೊಂಡೆ.

ಅದು ಅಂಗೈಯಲ್ಲಿ ಅಡಗುವ, ಹೊರಗವಚವಿಲ್ಲದೆಯೂ 10 ಮೀಟರ್ ಆಳದವರೆಗೆ ನೀರು ತಡೆಯುವ ಜಾತಿಯದು. ಅದರ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಹೊರಟಿರುವ ತೊಂದರೆ ಒಂದು ಕಂಪನಿಗೆ ಸೇರಿದ್ದಲ್ಲ, ನೀರನ್ನು ಹೊರಗಿಟ್ಟು ಶಬ್ದವನ್ನು ಒಳಗೆ ಬಿಡಬೇಕಾದ ಎಲ್ಲ ಕ್ಯಾಮೆರಾಗಳ ಹುಟ್ಟಿನಲ್ಲೇ ಇರುವಂಥದ್ದು.

ಹೋದ ಮಳೆಗಾಲದ ನಡುವೆ ಅದರ ಧ್ವನಿ ಕೆಟ್ಟಿತು. ಪೂರ್ತಿ ನಿಂತಿದ್ದರೆ ಪತ್ತೆ ಮಾಡುವುದು ಸುಲಭವಿತ್ತು. ಹಾಗಾಗಲಿಲ್ಲ. ಚಿತ್ರ ಮೊದಲಿನಷ್ಟೇ ಸ್ವಚ್ಛ; ಧ್ವನಿ ಮಾತ್ರ ಕಂಬಳಿಕೊಪ್ಪೆಯೊಳಗಿಂದ ಬಂದ ಹಾಗೆ. ಹಳ್ಳದ ಮೊರೆತ ಇತ್ತು, ಗದ್ದೆಯ ದೊಡ್ಡ ಕಪ್ಪೆಯ ‘ವಟರ್’ ಇತ್ತು. ಪೊದೆಗಪ್ಪೆ ಇರಲಿಲ್ಲ, ಜೀರುಂಡೆ ಇರಲಿಲ್ಲ, ಕೆಸವಿನ ಎಲೆಯ ಮೇಲೆ ಬೀಳುವ ಹನಿಯ ಸದ್ದಿನ ಮೊನೆ ಇರಲಿಲ್ಲ. ಮನೆಯೊಳಗೆ ಕುಳಿತು ಕ್ಯಾಮೆರಾದ ಎದುರು ‘ಶಿರಸಿಯ ಸಂತೆಯಲ್ಲಿ ಸಾಸಿವೆ’ ಎಂದು ಹೇಳಿ ಕೇಳಿಸಿಕೊಂಡೆ. ಸ, ಶ, ಚ ಇರುವ ಕಡೆಯಲ್ಲೆಲ್ಲ ಮಾತು ಮೊಂಡಾಗಿತ್ತು. ಸ್ವರಗಳೂ ಮ, ನ, ಲ ಅಕ್ಷರಗಳೂ ಉಳಿದಿದ್ದವು. ಇದನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಿ ನೋಡಬಹುದು. ಸಕಾರದ ಸೀಟಿಯಂಥ ಸದ್ದಿನ ಬಹುಪಾಲು 4 ಸಾವಿರ ಹರ್ಟ್ಸ್‌ನಿಂದ ಮೇಲಿರುತ್ತದೆ, ಸ್ವರಗಳ ಬಲವೆಲ್ಲ ಅದಕ್ಕಿಂತ ಬಹಳ ಕೆಳಗೆ. ಸ್ವರ ಉಳಿದು ಸಕಾರ ಹೋಗಿದ್ದರೆ ಮೈಕ್ ಸತ್ತಿಲ್ಲ, ಅದರ ಮುಂದೆ ಏನೋ ಕುಳಿತಿದೆ ಎಂದು ಅನುಮಾನಿಸಬೇಕು.

ಮೊದಲು ಕ್ಯಾಮೆರಾ ಕಂಪನಿಯ ಸೇವಾ ವಿಭಾಗಕ್ಕೇ ಬರೆದೆ. ಮಾತಿನಲ್ಲಿ ಸೌಜನ್ಯವಿತ್ತು. ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ತನ್ನಿ ಎಂದರು, ತಂದೆ. ಗಾಳಿ ಸದ್ದು ತಗ್ಗಿಸುವ ಆಯ್ಕೆಯನ್ನು ಆಫ್ ಮಾಡಿ ನೋಡಿ ಎಂದರು, ನೋಡಿದೆ. (ಇದು ಒಳ್ಳೆಯ ಸಲಹೆಯೇ. ಆ ಆಯ್ಕೆ ಚಾಲೂ ಇದ್ದರೆ ಕೆಲವು ಕ್ಯಾಮೆರಾಗಳು ಧ್ವನಿಯ ಸ್ವರೂಪವನ್ನೇ ಬದಲಿಸುತ್ತವೆ. ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಾದದ್ದು ಅದನ್ನೇ.) ಆಮೇಲೆ ವಾರಂಟಿ ಮುಗಿದಿದೆ, ಹಳೆಯದನ್ನು ಕೊಟ್ಟು ರಿಯಾಯಿತಿಯಲ್ಲಿ ಬೇರೊಂದು ಪಡೆಯಬಹುದು ಎಂದರು. ನಾನು ಕಳಿಸಿದ ಎರಡು ಧ್ವನಿ ತುಣುಕುಗಳನ್ನು ಯಾರೂ ಕೇಳಿದಂತೆ ಕಾಣಲಿಲ್ಲ. ಅದೇ ನನಗೆ ಬೇಸರ ತಂದದ್ದು. ಧ್ವನಿಯ ದೂರನ್ನು ಕಿವಿಗೊಡದೆ ಹೇಗೆ ತೀರ್ಮಾನಿಸುತ್ತಾರೆ? ಅವರು ಹೇಳಿದ ರಿಯಾಯಿತಿ ಬೆಲೆಯೂ ನನ್ನ ಕೈಗೆ ಎಟುಕುವಂತಿರಲಿಲ್ಲ.

ಹುಬ್ಬಳ್ಳಿಯ ಅಂಗಡಿಯನ್ನು ಹೇಳಿದವರು ಮದುವೆ ವಿಡಿಯೊ ಮಾಡುವ ನಮ್ಮೂರಿನ ಹುಡುಗರು. ಹತ್ತಡಿ ಉದ್ದ, ಆರಡಿ ಅಗಲದ ಕೋಣೆ. ಗೋಡೆಯ ಮೇಲೆ ಹಳೆಯ ರೇಡಿಯೊಗಳ ಸಾಲು, ಮೇಜಿನ ಮೇಲೆ ಸೂಕ್ಷ್ಮದರ್ಶಕ, ಲ್ಯಾಪ್‌ಟಾಪ್, ಒಂದು ಸಣ್ಣ ಸ್ಪೀಕರ್. ಯಜಮಾನರು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿಯಿಂದ ಬಂದವರು. ಕಸುಬು ಮೊಬೈಲಿಗೆ ಹೊರಳಿದ ಮೇಲೂ ಕಿವಿಯ ಅಭ್ಯಾಸ ಬಿಟ್ಟಿಲ್ಲ. ನಾನು ತಂದಿದ್ದ ಮೆಮೊರಿ ಕಾರ್ಡಿನ ಹಳೆಯ ವಿಡಿಯೊ ಮತ್ತು ಹೊಸ ವಿಡಿಯೊ ಎರಡನ್ನೂ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದರು. ಬಳಿಕ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಎರಡನ್ನೂ ತೆರೆದು, ಯಾವ ಕಂಪನಾಂಕದ ಸದ್ದು ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ನೋಟಕ್ಕೆ ಬದಲಿಸಿದರು. ಹಳೆಯದರಲ್ಲಿ ಪರದೆಯ ಮೇಲಿನವರೆಗೂ ಬಣ್ಣವಿತ್ತು. ಮಧ್ಯದ ಎತ್ತರದಲ್ಲಿ ಪೊದೆಗಪ್ಪೆಯ ಕೂಗು ಸಾಲಾಗಿ ಇಟ್ಟ ಚುಕ್ಕಿಗಳಾಗಿ ಕಾಣುತ್ತಿತ್ತು. ಹೊಸದರಲ್ಲಿ 2 ಸಾವಿರ ಹರ್ಟ್ಸ್ ದಾಟುತ್ತಿದ್ದಂತೆ ಕತ್ತಲೆ. ನಾನು ಕಿವಿಯಲ್ಲಿ ಕೇಳಿದ್ದನ್ನು ಮೊದಲ ಬಾರಿಗೆ ಕಣ್ಣಲ್ಲಿ ಕಂಡೆ.

ಆಮೇಲೆ ಮಾಡಿದ ಪರೀಕ್ಷೆ ಇನ್ನೂ ಸರಳ. ಕ್ಯಾಮೆರಾ ಚಾಲೂ ಮಾಡಿ, ಅದರ ಒಂದೊಂದು ಮೈಕ್ ರಂಧ್ರದ ಮೇಲೂ ಬೆರಳ ತುದಿಯನ್ನು ಮೆಲ್ಲಗೆ ಉಜ್ಜುತ್ತಾ ‘ಇದು ಎಡ, ಇದು ಬಲ’ ಎಂದು ಹೇಳಿದರು. ಆ ಧ್ವನಿಯನ್ನು ಹೆಡ್‌ಫೋನಿನಲ್ಲಿ ಕೇಳಿದಾಗ ಎರಡೂ ಕಡೆ ಸದ್ದು ಬರುತ್ತಿತ್ತು, ಎರಡೂ ಕಡೆ ಮೊಂಡಾಗಿಯೇ ಬರುತ್ತಿತ್ತು. ‘ಮೈಕ್ ಎರಡೂ ಜೀವಂತ ಇವೆ. ಒಂದೇ ಸಲ ಎರಡೂ ಹೀಗಾಗಿವೆ ಎಂದರೆ ತೊಂದರೆ ಒಳಗಿನದ್ದಲ್ಲ, ಹೊರಗಿನಿಂದ ಬಂದದ್ದು’ ಎಂದರು. ಈ ಮಾತಿನ ತರ್ಕ ನನಗೆ ಬಹಳ ಹಿಡಿಸಿತು. ಮಕ್ಕಳಿಗೆ ನಾನು ಹೇಳಿಕೊಡುವುದೂ ಇದನ್ನೇ: ಬಿಚ್ಚುವ ಮೊದಲು ಗಮನಿಸಿ.

ಮೈಕಿನ ಮುಂದೆ ಕುಳಿತಿರುವುದು ಏನು ಎಂಬುದನ್ನು ಅವರು ಒಂದು ಬಿಡಿಭಾಗ ತೋರಿಸಿಯೇ ವಿವರಿಸಿದರು. ಜಲನಿರೋಧಕ ಮೊಬೈಲು, ಕ್ಯಾಮೆರಾಗಳ ಮೈಕ್ ರಂಧ್ರದ ಹಿಂದೆ ಕೆಲವೇ ಮಿಲಿಮೀಟರ್ ಅಗಲದ ಒಂದು ಬಿಳಿ ಪೊರೆ ಇರುತ್ತದೆ. ಸುತ್ತ ಅಂಟಿನ ಬಳೆ, ನಡುವೆ ತೆಳ್ಳನೆಯ ಹಾಳೆ. ಸಾಮಾನ್ಯವಾಗಿ ಅದು ಹಿಗ್ಗಿಸಿದ ಪಿಟಿಎಫ್‌ಇ, ಎಂದರೆ ಅಂಟದ ತವಾಗಳಿಗೆ ಬಳಿಯುವ ಟೆಫ್ಲಾನಿನ ಇನ್ನೊಂದು ರೂಪ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಾಯಿಸಿದ ಪಿಟಿಎಫ್‌ಇ ಸರಳನ್ನು ನಿಧಾನವಾಗಿ ಎಳೆಯುವ ಬದಲು ಒಮ್ಮೆಲೇ ಜಗ್ಗಿದಾಗ ಅದು ತುಂಡಾಗದೆ ಹಿಗ್ಗಿ ಸೂಕ್ಷ್ಮ ರಂಧ್ರಗಳ ಬಲೆಯಾಯಿತು. ಮಳೆಕೋಟಿಗೂ ಇದೇ ಬಂತು, ಮೈಕಿನ ಮುಂದಕ್ಕೂ ಇದೇ ಬಂತು. ಗಾಳಿ ಆ ರಂಧ್ರಗಳಲ್ಲಿ ಹಾಯುತ್ತದೆ. ನೀರಿನ ಹನಿ ತನ್ನ ಮೇಲ್ಮೈ ಸೆಳೆತದಿಂದಾಗಿ ಹಾಯಲಾರದು. ಶಬ್ದ ಬಂದು ತಟ್ಟಿದಾಗ ಪೊರೆಯೇ ನಡುಗಿ ಅದನ್ನು ಒಳಗೆ ದಾಟಿಸುತ್ತದೆ. ಹಗುರವಾಗಿದ್ದಷ್ಟು ಕಾಲ ಅದು ವೇಗವಾಗಿ ನಡುಗಬಲ್ಲದು. ಅದರ ಮೇಲೆ ಒಂದು ಹನಿ ನೀರು, ಒಣಗಿದ ಕೆಸರು ಅಥವಾ ಉಪ್ಪಿನ ಹರಳು ಕುಳಿತರೆ ಭಾರ ಹೆಚ್ಚುತ್ತದೆ. ಭಾರವಾದ ಪೊರೆ ನಿಧಾನದ ಕಂಪನಗಳನ್ನು ಹೇಗೋ ದಾಟಿಸುತ್ತದೆ, ಸೆಕೆಂಡಿಗೆ ಮೂರು ನಾಲ್ಕು ಸಾವಿರ ಸಲ ನಡುಗಲು ಆಗುವುದಿಲ್ಲ. ಹಳ್ಳದ ಮೊರೆತ ಉಳಿದು ಪೊದೆಗಪ್ಪೆ ಮಾಯವಾದದ್ದು ಇದೇ ಕಾರಣಕ್ಕೆ.

ನೀರಿನಿಂದ ಈಗಷ್ಟೇ ಮೇಲೆತ್ತಿದ ಕ್ಯಾಮೆರಾದ ಧ್ವನಿ ಸ್ವಲ್ಪ ಹೊತ್ತು ಮಂಕಾಗಿರುವುದು ಸಹಜವೂ ಹೌದು. ಮೈಕ್ ರಂಧ್ರ ಕೆಳಗೆ ಬರುವಂತೆ ಹಿಡಿದು ನಾಲ್ಕು ಸಲ ಬಲವಾಗಿ ಕೊಡವಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಫ್ಯಾನಿನ ಗಾಳಿಗೆ ಇಟ್ಟರೆ ಸರಿಹೋಗುತ್ತದೆ. ಸಮುದ್ರದಿಂದ ಬಂದಿದ್ದರೆ ಒಣಗಲು ಬಿಡುವ ಮೊದಲೇ ಸಿಹಿನೀರಿನಲ್ಲಿ ನೆನೆಹಾಕಬೇಕು. ಉಪ್ಪು ಒಮ್ಮೆ ಹರಳುಗಟ್ಟಿದರೆ ಬಿಡಿಸುವುದು ಕಷ್ಟ. ಸೂಜಿ, ಗುಂಡುಪಿನ್ನು, ಹಲ್ಲುಕಡ್ಡಿ ಯಾವುದನ್ನೂ ರಂಧ್ರಕ್ಕೆ ತೋರಿಸಬಾರದು. ಬಾಯಿಂದ ಊದುವುದು, ಕಂಪ್ರೆಸರ್ ಗಾಳಿ ಹೊಡೆಯುವುದು, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಬಿಡುವುದು ಬೇಡ. ಅಕ್ಕಿಯ ಡಬ್ಬದಲ್ಲಿ ಹೂಳುವುದಂತೂ ಬೇಡವೇ ಬೇಡ, ಅಕ್ಕಿಯ ಹಿಟ್ಟು ಅದೇ ರಂಧ್ರಕ್ಕೆ ಹೋಗಿ ಕೂರುತ್ತದೆ. ಸಾಬೂನು ನೀರು ಮತ್ತು ಸ್ಯಾನಿಟೈಸರ್ ಬಗ್ಗೆ ಯಜಮಾನರು ಬೆರಳೆತ್ತಿ ಎಚ್ಚರಿಸಿದರು. ಇವೆರಡೂ ಕೊಳೆಯನ್ನು ತೆಗೆಯುತ್ತವೆ ನಿಜ, ಆದರೆ ನೀರಿನ ಮೇಲ್ಮೈ ಸೆಳೆತವನ್ನೂ ತಗ್ಗಿಸುತ್ತವೆ. ಆ ಸೆಳೆತವೇ ಅಲ್ಲಿ ಕಾವಲು. ಅದು ಹೋದರೆ ನೀರು ಪೊರೆಯೊಳಗೆ ಇಳಿಯುತ್ತದೆ.

ಅವರೂ ಮೊದಲು ಮಾಡಿದ್ದು ನೆನೆಹಾಕುವುದನ್ನೇ. ಕುದಿಸಿ ಆರಿಸಿದ ನೀರನ್ನು ಉಗುರುಬೆಚ್ಚಗೆ ಮಾಡಿ ಸ್ಟೀಲ್ ಬೋಗುಣಿಗೆ ಸುರಿದು, ಕ್ಯಾಮೆರಾದ ಬಾಗಿಲುಗಳೆಲ್ಲ ಭದ್ರವಾಗಿವೆಯೇ ಎಂದು ನೋಡಿ, ಒಳಗಿಟ್ಟರು. ಮೇಲೆತ್ತಿ ಕೊಡವಿ ಒಣಗಿಸಿ ಮತ್ತೆ ಧ್ವನಿ ಹಿಡಿದಾಗ ಎಡ ಮೈಕ್ ಬಹುಪಾಲು ತೆರೆದುಕೊಂಡಿತ್ತು. ಬೋಗುಣಿಯ ತಳದಲ್ಲಿ ಕೆಮ್ಮಣ್ಣಿನ ತೆಳುವಾದ ಗೆರೆ. ಬಲ ಮೈಕ್ ಮಾತ್ರ ಹಾಗೆಯೇ ಇತ್ತು. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆದು ತೋರಿಸಿದರು. ಸಾಸಿವೆಗಿಂತ ಸಣ್ಣ ರಂಧ್ರದ ಅಂಚಿನಲ್ಲಿ ಮಣ್ಣಿನ ಬಣ್ಣವಲ್ಲ, ತಿಳಿನೀಲಿ ಬಣ್ಣದ ಹಕ್ಕಳೆ. ಅಲ್ಲಲ್ಲಿ ಬಿರುಕು, ಬಿರುಕಿನ ನಡುವೆ ಬಿಳಿ ಸುಣ್ಣದ ಪುಡಿ. ‘ಇದು ಏನು, ಟೀಚರ್? ನಾನು ಈ ಬಣ್ಣ ನೋಡಿಲ್ಲ’ ಎಂದರು.

ಅಡಿಕೆ ಬೆಳೆಯುವ ಮನೆಯವರಿಗೆ ಆ ಬಣ್ಣ ಚೆನ್ನಾಗಿ ಗೊತ್ತು. ಅದು ಬೋರ್ಡೋ ದ್ರಾವಣ. ಕೊಳೆರೋಗ ಬಾರದಂತೆ ಮಳೆಗಾಲದ ಮುಂಚೆ ಒಮ್ಮೆ, ನಡುವೆ ಬಿಡುವು ಸಿಕ್ಕಾಗ ಇನ್ನೊಮ್ಮೆ ಗೊನೆಗಳಿಗೆ ಸಿಂಪಡಿಸುವ ಔಷಧ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗೆ ತೊಳೆದುಹೋಗದಿರಲೆಂದು ಅದಕ್ಕೆ ರಾಳದ ಅಂಟನ್ನೂ ಬೆರೆಸುತ್ತಾರೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಈ ರೋಗವನ್ನು ಅಧ್ಯಯನ ಮಾಡಿ ಬೋರ್ಡೋ ಸಿಂಪಡಣೆಯ ದಾರಿ ತೋರಿಸಿದ ಮೇಲೆ ಮಲೆನಾಡಿನ ತೋಟಗಳು ಇದನ್ನು ಬಿಟ್ಟಿಲ್ಲ. ಕ್ಯಾಮೆರಾ ಇದ್ದದ್ದು ಬಸಿಗಾಲುವೆಯ ಅಂಚಿನಲ್ಲಿ. ಮೇಲಿನ ಮರಗಳಿಗೆ ಔಷಧ ಹೊಡೆದ ಮೇಲೆ ಸೋಗೆಯಿಂದ ತೊಟ್ಟಿಕ್ಕಿದ ಹನಿ ಅದರ ಮೇಲೆ ಬಿದ್ದು ಒಣಗಿದೆ. ಗೊನೆಯನ್ನು ಬಿಡದೆ ಅಪ್ಪಿಕೊಳ್ಳಲೆಂದೇ ಮಾಡಿದ ಅಂಟು ಪೊರೆಯನ್ನೂ ಬಿಡಲಿಲ್ಲ. ಇದು ನೀರಿಗೆ ಕರಗುವುದಿಲ್ಲ. ಹುಳಿ ಹಾಕಿದರೆ ಸುಣ್ಣ ಕರಗೀತು, ಆದರೆ ಕ್ಯಾಮೆರಾದ ಲೋಹಕ್ಕೂ ಅಂಟಿಗೂ ಅದು ಒಳ್ಳೆಯದಲ್ಲ. ತೋಟದಲ್ಲಿ ಇಂಥ ಕ್ಯಾಮೆರಾ, ಮೊಬೈಲ್ ಬಳಸುವ ಕೃಷಿಕರು ಈಗ ಬಹಳ ಮಂದಿ ಇದ್ದಾರೆ. ಸಿಂಪಡಣೆಯ ದಿನ ಉಪಕರಣ ಮನೆಯಲ್ಲಿರಲಿ, ಅಥವಾ ಹನಿ ಬಿದ್ದ ಕೂಡಲೇ, ಒಣಗುವ ಮೊದಲೇ, ತೊಳೆಯಿರಿ.

ಉಳಿದ ದಾರಿ ಬಲಗಡೆಯ ಪೊರೆಯನ್ನು ಬದಲಿಸುವುದು. ಇಲ್ಲಿ ಯಜಮಾನರು ಕೈ ಹಾಕುವ ಮೊದಲು ಕುರ್ಚಿ ಎಳೆದು ಕೂರಿಸಿ ಮಾತನಾಡಿದರು. ಆ ಮಾತಿಗಾಗಿಯೇ ನಾನು ಈ ಅಂಗಡಿಯನ್ನು ಎಲ್ಲರಿಗೂ ಹೇಳುತ್ತಿದ್ದೇನೆ. ‘ಇದನ್ನು ಬಿಚ್ಚಿದರೆ ಕಂಪನಿ ಹೇಳಿದ 10 ಮೀಟರ್ ಇನ್ನು ಇಲ್ಲ ಎಂದು ತಿಳಿಯಿರಿ. ನಾನು ಹಾಕುವ ಪೊರೆ ಮೊಬೈಲಿಗೆ ಬರುವಂಥದ್ದು. ಅಂಟು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಅಷ್ಟು ಆಳದ ಒತ್ತಡ ಕೊಟ್ಟು ಪರೀಕ್ಷಿಸುವ ಯಂತ್ರ ನನ್ನ ಹತ್ತಿರ ಇಲ್ಲ. ಮಳೆಗೆ ಹೆದರಬೇಡಿ, ಹಳ್ಳದ ಅಂಚಿಗೆ ಹೆದರಬೇಡಿ. ಮುಳುಗಿಸಬೇಡಿ. ನಿಮಗೆ ನೀರಿನ ಆಳ ಬೇಕೋ, ಧ್ವನಿ ಬೇಕೋ ಯೋಚಿಸಿ ಹೇಳಿ.’

10 ಮೀಟರ್ ಆಳ ಎಂದರೆ ನಮ್ಮ ತಲೆಯ ಮೇಲಿರುವ ವಾತಾವರಣದಷ್ಟೇ ಒತ್ತಡ ಇನ್ನೊಂದು ಪಾಲು ಸೇರಿದ ಹಾಗೆ. ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದಲ್ಲಿ ಮುಳುಗಿ ಮೀನುಗಳನ್ನು ಚಿತ್ರಿಸುವವರಿಗೆ ಅದು ಬೇಕೇ ಬೇಕು. ಅವರು ಎಂಥ ಜಾಣ ಮೆಕ್ಯಾನಿಕ್ ಸಿಕ್ಕರೂ ಕ್ಯಾಮೆರಾ ಬಿಚ್ಚಿಸಬಾರದು. ಕಂಪನಿಯ ಬದಲಿ ಯೋಜನೆಯೇ ಅವರಿಗೆ ಸರಿ. ನೀರಿನೊಳಗೆ ಅವರಿಗೆ ಧ್ವನಿಯ ಹಂಗೂ ಅಷ್ಟಿಲ್ಲ. ಗಾಳಿಗಾಗಿ ಮಾಡಿದ ಮೈಕ್ ನೀರಿನಲ್ಲಿ ಮಂಕಾಗಿಯೇ ಕೇಳುತ್ತದೆ, ಅದಕ್ಕೆ ಯಾವ ರಿಪೇರಿಯೂ ಇಲ್ಲ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಹೆಚ್ಚು. ಅದನ್ನು ಹಿಡಿಯುವುದಕ್ಕೆ ಹೈಡ್ರೋಫೋನ್ ಎಂಬ ಬೇರೆಯೇ ಸಾಧನ ಬೇಕು. ನನ್ನ ಕ್ಯಾಮೆರಾ ಮೊಳಕಾಲುದ್ದದ ನೀರಿಗಿಂತ ಆಳಕ್ಕೆ ಇಳಿದದ್ದೇ ಇಲ್ಲ. ನನಗೆ ಬೇಕಾದದ್ದು ಹಳ್ಳದ ದಂಡೆಯಲ್ಲಿ ಕುಳಿತ ಜೀವದ ದನಿ. ಧ್ವನಿ ಬೇಕು ಎಂದೆ.

ಕೆಲಸವನ್ನು ನನ್ನ ಎದುರಿಗೇ ಮಾಡಿದರು. ಮುಂಭಾಗದ ಫಲಕವನ್ನು ಬಿಸಿ ತಟ್ಟೆಯ ಮೇಲೆ ಹದವಾಗಿ ಕಾಯಿಸಿ ಅಂಟು ಸಡಿಲಿಸಿ, ತೆಳುವಾದ ಪ್ಲಾಸ್ಟಿಕ್ ಚೀಟಿಯಿಂದ ಸುತ್ತಲೂ ಬಿಡಿಸಿದರು. ಹಳೆಯ ಪೊರೆಯನ್ನು ಚಿಮುಟದಲ್ಲಿ ಎತ್ತಿ ಬಿಳಿ ಕಾಗದದ ಮೇಲಿಟ್ಟಾಗ ಅದು ನೀಲಿ ಕಲೆಯ ಒಂದು ಬಿಂದು, ಅಷ್ಟೇ. ಅದನ್ನು ನಾನು ಇಸ್ಕೊಂಡು ಬಂದು ಶಾಲೆಯ ಪ್ರಯೋಗಾಲಯದಲ್ಲಿ ಇಟ್ಟಿದ್ದೇನೆ. ಹೊಸ ಪೊರೆ ಕೂರಿಸುವಾಗ ಅವರು ನಡುಭಾಗವನ್ನು ಒಮ್ಮೆಯೂ ಮುಟ್ಟಲಿಲ್ಲ. ಅಂಟಿನ ಬಳೆಯನ್ನು ಮಾತ್ರ ಮೊಂಡು ಕಡ್ಡಿಯಿಂದ ಸುತ್ತ ಒತ್ತುತ್ತಾ ಹೋದರು. ನಡುವೆ ಬೆರಳು ತಾಗಿದರೆ ಬೆರಳಿನ ಎಣ್ಣೆಯೇ ಅದನ್ನು ಕೆಡಿಸುತ್ತದಂತೆ. ಅಂಟು ಹಿಡಿಯಲು ಒಂದು ರಾತ್ರಿ ಇಟ್ಟುಕೊಂಡು, ಮರುದಿನ ಬಕೆಟ್ ನೀರಿನಲ್ಲಿ ಗೇಣುದ್ದ ಮುಳುಗಿಸಿ ತೆಗೆದು, ಬ್ಯಾಟರಿ ಗೂಡು ಒಣಗಿದೆ ಎಂದು ತೋರಿಸಿಯೇ ಕೈಗೆ ಕೊಟ್ಟರು.

ಫಲಿತಾಂಶ ಹೇಗಿದೆ? ಎಡ ಮತ್ತು ಬಲ ಈಗ ಪೂರ್ತಿ ಒಂದೇ ಥರ ಇಲ್ಲ. ಬಲಗಡೆಯ ಧ್ವನಿ ಎಡಕ್ಕಿಂತ ಕೊಂಚ ಚುರುಕು, ಗಾಳಿ ಬೀಸಿದಾಗ ಅದೇ ಕಡೆ ಭರ್ ಎನ್ನುವುದೂ ಹೆಚ್ಚು. ಹೆಡ್‌ಫೋನ್ ಹಾಕಿ ಹುಡುಕುವವರಿಗೆ ಮಾತ್ರ ತಿಳಿಯುವಷ್ಟು ವ್ಯತ್ಯಾಸ. ಉಳಿದಂತೆ, ಕಳೆದುಹೋಗಿದ್ದದ್ದೆಲ್ಲ ಬಂದಿದೆ. ತೋಟದಲ್ಲಿ ಇಟ್ಟು ಹಿಡಿದ ಮೊದಲ ಧ್ವನಿಯಲ್ಲಿ ಹಳ್ಳದ ಮೊರೆತದ ಮೇಲೆ ಜೀರುಂಡೆಗಳ ಒಂದೇ ಎಳೆಯ ರಾಗ, ಅದರ ಕೆಳಗೆ ಎಡದಿಂದ ಒಂದು, ಬಲದಿಂದ ಒಂದು ಪೊದೆಗಪ್ಪೆ ಸರದಿಯಂತೆ ಕೂಗುತ್ತಿರುವುದು ಸ್ಪಷ್ಟ. ಎರಡು ಕಪ್ಪೆಗಳು ಎರಡು ಕಡೆ ಇವೆ ಎಂದು ದಿಕ್ಕು ಸಮೇತ ಕೇಳಿದಾಗ ತರಗತಿಯ ಹಿಂದಿನ ಬೆಂಚಿನ ಮಕ್ಕಳೂ ಎದ್ದು ಮುಂದೆ ಬಂದರು. ನನಗೆ ಬೇರೆ ಪ್ರಮಾಣಪತ್ರ ಬೇಡ.

ಮಂಕಾಗಿದ್ದಾಗ ಹಿಡಿದ ಹಳೆಯ ವಿಡಿಯೊಗಳನ್ನು ಏನು ಮಾಡುವುದು ಎಂದೂ ಕೇಳಿದ್ದೆ. ಆಡಾಸಿಟಿಯಲ್ಲೇ ಕೆಳಗಿನ 200ರಿಂದ 400 ಹರ್ಟ್ಸ್ ಭಾಗವನ್ನು ಸ್ವಲ್ಪ ಇಳಿಸಿ, 3 ಸಾವಿರದಿಂದ ಮೇಲಿನದನ್ನು ಏರಿಸಿ ತೋರಿಸಿದರು. ಮನುಷ್ಯರ ಮಾತು ಅರ್ಥವಾಗುವಷ್ಟು ಬಿಡಿಸಿಕೊಂಡಿತು. ಜೊತೆಗೆ ‘ಸ್ಸ್’ ಎನ್ನುವ ಹಿನ್ನೆಲೆ ಸದ್ದೂ ಏರಿತು. ಪೊದೆಗಪ್ಪೆ ಬರಲಿಲ್ಲ, ಮೈಕಿನವರೆಗೆ ತಲುಪದ ಸದ್ದನ್ನು ಯಾವ ತಂತ್ರಾಂಶವೂ ಮೇಲೆತ್ತಲಾರದು. ಮದುವೆ, ಪ್ರವಾಸದ ವಿಡಿಯೊ ಉಳಿಸಿಕೊಳ್ಳಬೇಕಾದವರಿಗೆ ಇಷ್ಟು ಸಾಕಾಗಬಹುದು.

ಹಳೆಯ ಮಾದರಿಯ ಕ್ಯಾಮೆರಾ ಇರುವವರಿಗೆ ಒಂದು ಮಾತು. 2014ರ ಗೋಪ್ರೊ ಹೀರೋ 4ರಂಥವು ತಾವಾಗಿ ನೀರು ತಡೆಯುವುದಿಲ್ಲ. 40 ಮೀಟರ್ ತಾಳುವ ಪಾರದರ್ಶಕ ಪೆಟ್ಟಿಗೆಯೊಳಗೆ ಕೂರುತ್ತವೆ. 2016ರ ಹೀರೋ 5ರಿಂದ ಈಚೆಗೆ ಪೆಟ್ಟಿಗೆ ಇಲ್ಲದೆಯೇ 10 ಮೀಟರ್ ಬಂತು. ಮುಚ್ಚಿದ ಪೆಟ್ಟಿಗೆಯೊಳಗೆ ಧ್ವನಿ ಮಂಕಾಗುವುದು ದೋಷವಲ್ಲ, ಗಟ್ಟಿ ಪ್ಲಾಸ್ಟಿಕ್ ಗೋಡೆ ದಾಟಿ ಸಣ್ಣ ಸದ್ದು ಬರುವುದಾದರೂ ಹೇಗೆ? ಅದಕ್ಕೆಂದೇ ಕಿಂಡಿಗಳಿರುವ ಹಿಂಬದಿಯ ಬಾಗಿಲು ಸಿಗುತ್ತದೆ. ನೀರಿನ ಹತ್ತಿರ ಹೋಗದ ದಿನ ಅದನ್ನು ಹಾಕಿದರೆ ಧ್ವನಿ ಕೂಡಲೇ ತೆರೆದುಕೊಳ್ಳುತ್ತದೆ. ಪೆಟ್ಟಿಗೆಗೆ ಡ್ರಿಲ್ ಹಿಡಿಯುವವರನ್ನೂ ನೋಡಿದ್ದೇನೆ. ಮುಂದೆಂದೂ ಅದನ್ನು ನೀರಿಗೆ ಇಳಿಸುವುದಿಲ್ಲ ಎಂಬ ಖಾತ್ರಿ ಇದ್ದರೆ ಮಾತ್ರ ಅದು ಸರಿ. ಹೊರಗಿನಿಂದ ಮೈಕ್ ಜೋಡಿಸುವುದು ಧ್ವನಿಗೆ ಎಲ್ಲಕ್ಕಿಂತ ಒಳ್ಳೆಯದು, ಆದರೆ ಅದರ ತಂತಿಗಾಗಿ ಬಾಗಿಲು ತೆರೆದಿಡಬೇಕು, ತೆರೆದ ಬಾಗಿಲಿಗೆ ಮಳೆ ನುಗ್ಗುತ್ತದೆ. ತುಪ್ಪಳದ ಗಾಳಿತಡೆ ಒಣಗಿದ್ದಾಗ ಚಿನ್ನ; ಒದ್ದೆಯಾಗಿ ಮುದ್ದೆಗಟ್ಟಿದರೆ ಅದೇ ಧ್ವನಿಯನ್ನು ಮುಚ್ಚುತ್ತದೆ. ಮಲೆನಾಡಿನ ಜುಲೈಯಲ್ಲಿ ಅದು ಒಣಗಿರುವ ಗಳಿಗೆ ಹುಡುಕಬೇಕು.

ಅಂಗಡಿಯ ಕುಂದುಗಳನ್ನೂ ಹೇಳಬೇಕು. ದೂರವಾಣಿ ಎತ್ತುವುದಿಲ್ಲ. ಸಂಜೆ ಮೊಬೈಲ್ ರಿಪೇರಿಯವರ ಗದ್ದಲದಲ್ಲಿ ಧ್ವನಿ ಪರೀಕ್ಷೆ ಮಾಡಲು ಆಗುವುದಿಲ್ಲ, ನಾಳೆ ಬನ್ನಿ ಎನ್ನುತ್ತಾರೆ. ದೂರದ ಊರಿನವರಿಗೆ ಅದು ಕಷ್ಟ. ಬಿಲ್ಲನ್ನು ಕೇಳಿ ಪಡೆಯಬೇಕು. ಬಿಚ್ಚಿದ ಮೇಲೆ ನೀರಿನ ವಿಷಯದಲ್ಲಿ ಯಾವ ಖಾತ್ರಿಯನ್ನೂ ಬರೆದು ಕೊಡುವುದಿಲ್ಲ, ಧ್ವನಿಗೆ ಮಾತ್ರ ಮೂರು ತಿಂಗಳ ಮಾತು ಕೊಡುತ್ತಾರೆ. ಓಣಿಯಲ್ಲಿ ಕಾರು ನಿಲ್ಲಿಸಲು ಜಾಗವೇ ಇಲ್ಲ, ಹಳೆಯ ಬಸ್ ನಿಲ್ದಾಣದ ಕಡೆಯಿಂದ ನಡೆದು ಬರುವುದೇ ಮೇಲು. ನನ್ನಿಂದ ಒಟ್ಟು 1,400 ರೂಪಾಯಿ ತೆಗೆದುಕೊಂಡರು. ಎಡಗಡೆಯ ಮೈಕ್ ಬರೀ ನೀರಿನಿಂದಲೇ ಸರಿಹೋಯಿತಲ್ಲ, ಅದಕ್ಕೆ ಎಷ್ಟು ಎಂದು ಕೇಳಿದರೆ, ‘ನೀರಿಗೆ ದುಡ್ಡು ಏಕೆ?’ ಎಂದರು.

ಹೋಗುವವರು ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ, ಓಣಿ ಆಗ ಇನ್ನೂ ಶಾಂತವಾಗಿರುತ್ತದೆ. ಬ್ಯಾಟರಿ ಪೂರ್ತಿ ತುಂಬಿರಲಿ. ಮೆಮೊರಿ ಕಾರ್ಡಿನಲ್ಲಿ ಧ್ವನಿ ಸರಿಯಿದ್ದಾಗಿನ ವಿಡಿಯೊ ಒಂದು, ಕೆಟ್ಟ ಮೇಲಿನದು ಒಂದು, ಸಾಧ್ಯವಾದರೆ ಒಂದೇ ಜಾಗದಲ್ಲಿ ತೆಗೆದವು ಇರಲಿ. ಕ್ಯಾಮೆರಾದ ಮೇಲೆ ಏನೇನು ಬಿದ್ದಿತ್ತು ಎಂಬುದನ್ನು ಮುಚ್ಚಿಡದೆ ಹೇಳಿ: ಕಡಲ ನೀರೋ, ಕೆಸರೋ, ಔಷಧವೋ. ಅವರು ಕೇಳುವ ಎರಡನೆಯ ಪ್ರಶ್ನೆ ಅದೇ.